9 ವರ್ಷದ ಗೀಸರ್: ರಿಪೇರಿಯೋ, ಹೊಸದೋ?

ಪ್ರಶ್ನೆ, ಬೆಂಗಳೂರಿನಿಂದ:
25 ಲೀಟರಿನ ಗೀಸರ್, 2 ಕಿಲೋವ್ಯಾಟ್, 9 ವರ್ಷ ಹಳೆಯದು. ಬೋರ್‌ವೆಲ್ ನೀರು. ಈಗ ನೀರು ಕಾಯಲು ಮುಕ್ಕಾಲು ಗಂಟೆ ಹಿಡಿಯುತ್ತಿದೆ, ಒಳಗೆ ಟಪಟಪ ಸದ್ದು, ಕೆಳಗೆ ಆಗಾಗ ನೀರು ತೊಟ್ಟಿಕ್ಕುತ್ತದೆ. ನೀರು ಕಾಯಿಸುವ ಎಲಿಮೆಂಟ್, ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಎರಡೂ ಬದಲಿಸೋಣ ಅಂತಾರೆ ಮೆಕ್ಯಾನಿಕ್. ಅದಕ್ಕೆ ದುಡ್ಡು ಹಾಕೋದೋ, ಹೊಸದೇ ತರೋದೋ? ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರಿನಿಂದ:
ಎಲಿಮೆಂಟಿನ ಮಾತು ಆಮೇಲೆ ಸರ್. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ. ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ತಳವನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದೊಂದು ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ ಅರ್ಧ ಗಂಟೆ ಬಿಡಿ. ಹೋಸ್ ನಟ್ ಹತ್ತಿರದ ಪೇಪರ್ ಒದ್ದೆಯಾದರೆ ವಾಷರ್ ಹೋಗಿದೆ. ಎಲಿಮೆಂಟ್ ಕೂರಿಸಿದ ತಟ್ಟೆಯ (ಫ್ಲಾಂಜ್) ಸುತ್ತ ಜಿನುಗಿದರೆ ಗ್ಯಾಸ್ಕೆಟ್. ಎರಡೂ ಸಣ್ಣ ಕೆಲಸ.

ನೀರು ಕಾಯುವ ಹೊತ್ತಲ್ಲಿ ಮಾತ್ರ ಸೇಫ್ಟಿ ವಾಲ್ವಿಂದ ತೊಟ್ಟಿಕ್ಕಿದರೆ ಅದು ದೋಷವೇ ಅಲ್ಲ. 25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರುವಾಗ ಸುಮಾರು 350 ಮಿಲಿಲೀಟರ್ ಹಿಗ್ಗುತ್ತದೆ. ವಾಲ್ವು ಅದನ್ನು ಪೈಪಿಗೆ ವಾಪಸ್ ಬಿಡುವುದಿಲ್ಲ, ಹಾಗಾಗಿ ಹೊರಗೇ ಬರಬೇಕು. ಆ ತೂತನ್ನು ಎಂ-ಸೀಲ್ ಮೆತ್ತಿ ಮುಚ್ಚುವ ಮಹಾನುಭಾವರಿದ್ದಾರೆ. ಹಾಗೆ ಮುಚ್ಚಿದ ಮೇಲೆ ಥರ್ಮೋಸ್ಟಾಟ್ ಕೈಕೊಟ್ಟರೆ ಟ್ಯಾಂಕೇ ಸಿಡಿಯಬಹುದು.

ಇವೆಲ್ಲ ಒಣಗಿದ್ದು, ಹೊರಕವಚದ ತಳದ ಅಂಚಿನಿಂದ ಕಂದು ಬಣ್ಣದ ನೀರು ಬರುತ್ತಿದ್ದರೆ ಒಳಟ್ಯಾಂಕ್ ತೂತಾಗಿದೆ ಅಂತಲೇ ಅರ್ಥ. ಒಳಗೆ ಗಾಜಿನ ಲೇಪವಿರುವ ಗ್ಲಾಸ್‌ಲೈನ್ ಟ್ಯಾಂಕಿಗೆ ವೆಲ್ಡಿಂಗ್ ಉಪಯೋಗವಿಲ್ಲ: ಬೆಂಕಿ ತಾಗಿದ ಸುತ್ತಲೂ ಆ ಲೇಪ ಎದ್ದುಬಂದು, ಅಲ್ಲಿಂದಲೇ ತುಕ್ಕು ಮತ್ತೆ ಶುರುವಾಗುತ್ತದೆ. ಅಂಥದಕ್ಕೆ ಹೊಸ ಎಲಿಮೆಂಟ್ ಹಾಕಿದರೆ ಆ ದುಡ್ಡು ನೀರಿಗೆ ಹಾಕಿದಂತೆ.

ತುಮಕೂರಿನಿಂದ:
ನಿಧಾನಕ್ಕೆ ಕಾಯುವುದಕ್ಕೆ ಎಲಿಮೆಂಟನ್ನೇ ದೂರಬೇಡಿ. ಒಂದೇ ಎಲಿಮೆಂಟ್ ಇರುವ ಗೀಸರಿನಲ್ಲಿ ಅದು ಒಂದೋ ಕೆಲಸ ಮಾಡುತ್ತದೆ, ಇಲ್ಲ ಸುಟ್ಟುಹೋಗಿರುತ್ತದೆ. ಅರ್ಧಂಬರ್ಧ ಕಾಯಿಸುವುದು ತೀರಾ ಅಪರೂಪ. 25 ಲೀಟರನ್ನು 25ರಿಂದ 60 ಡಿಗ್ರಿಗೆ ತರಲು 2 ಕಿಲೋವ್ಯಾಟಿಗೆ 31 ನಿಮಿಷ ಸಾಕು. ಆದರೆ ಅದು 230 ವೋಲ್ಟ್ ಇದ್ದಾಗಿನ ಲೆಕ್ಕ. ಬೆಳಗ್ಗೆ ಏಳಕ್ಕೆ ಇಡೀ ಬೀದಿಯ ಗೀಸರುಗಳೆಲ್ಲ ಆನ್ ಆಗಿ ವೋಲ್ಟೇಜು 190ಕ್ಕೆ ಇಳಿದರೆ ಅದೇ ಎಲಿಮೆಂಟ್ 1,365 ವ್ಯಾಟ್ ಮಾತ್ರ ಎಳೆಯುತ್ತದೆ, ಸಮಯ ಸರಿಯಾಗಿ 45 ನಿಮಿಷಕ್ಕೆ ಹೋಗುತ್ತದೆ. ಗೀಸರ್ ಓಡುತ್ತಿರುವಾಗಲೇ ಪಕ್ಕದ ಸಾಕೆಟ್ಟಿನಲ್ಲಿ ವೋಲ್ಟೇಜ್ ಅಳೆಯಿರಿ. ನೀರು ಉಗುರುಬೆಚ್ಚಗಿರುವಾಗಲೇ ದೀಪ ಆರಿದರೆ ಮಾತ್ರ ಥರ್ಮೋಸ್ಟಾಟಿನ ಮೇಲೆ ಅನುಮಾನಪಡಿ.

ಎಲಿಮೆಂಟ್ ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಮೇನ್ ಇಳಿಸಿ ಎರಡೂ ವೈರ್ ಬಿಚ್ಚಿ ಟರ್ಮಿನಲ್‌ಗಳ ನಡುವೆ ಅಳೆದರೆ 26 ಓಮ್ ಆಸುಪಾಸು ಬರಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಟ್ ಆಗಿದೆ. ಟರ್ಮಿನಲ್ಲಿಗೂ ಅರ್ಥಿಂಗಿಗೂ ನಡುವೆ ಓಮ್‌ಗಳ ಲೆಕ್ಕದಲ್ಲಿ ಏನಾದರೂ ಸಿಕ್ಕರೆ ಎಲಿಮೆಂಟಿನ ಹೊರಕೊಳವೆ ಸೀಳಿದೆ. ಗೀಸರ್ ಹಾಕಿದಾಗ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುವುದಕ್ಕೆ ಸಾಮಾನ್ಯವಾಗಿ ಕಾರಣ ಇದೇ. ಮತ್ತೆ ಒಂದು ಮಾತು: ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟೌಟ್ ಪದೇ ಪದೇ ಬೀಳುತ್ತದೆ ಅಂತ ಅದರ ಎರಡು ವೈರನ್ನು ಡೈರೆಕ್ಟ್ ಮಾಡಿಕೊಡುವವರನ್ನು ಮನೆಯೊಳಗೇ ಬಿಟ್ಟುಕೊಳ್ಳಬೇಡಿ.

ಹುಬ್ಬಳ್ಳಿಯಿಂದ:
ಟಪಟಪ ಸಪ್ಪಳ ಅಂದ್ರ ಎಲಿಮೆಂಟಿನ ಮ್ಯಾಲೆ ಸುಣ್ಣ ಕಟ್ಟೈತಿ. ಪದರಿನ ಕೆಳಗ ಸಿಕ್ಕ ನೀರು ಅಲ್ಲೇ ಕುದ್ದು ಉಗಿಯಾಗಿ ಒಡೀತೈತಿ. ಎಲಿಮೆಂಟ್ ಹೊರಗ ತಗದು ಲೀಟರ್ ನೀರಿಗೆ 50 ಗ್ರಾಂ ನಿಂಬೆಉಪ್ಪು ಹಾಕಿ, ಟರ್ಮಿನಲ್ ಒದ್ದೆ ಆಗಧಂಗ ನೆನೆ ಇಡ್ರಿ, ತಾನಾಗೇ ಬಿಡ್ತೈತಿ. ಬಾತ್‌ರೂಮ್ ತೊಳಿಯೂ ಆ್ಯಸಿಡ್ ಬ್ಯಾಡ, ಸುತ್ತಿಗಿ ಅಂತೂ ಮುಟ್ಟಬ್ಯಾಡ್ರಿ. ಬೋರಿನ ನೀರಿದ್ದವರು ಆನೋಡ್ ರಾಡ್ ವರ್ಷಕ್ಕೊಮ್ಮೆ ನೋಡ್ಬೇಕ್ರಿ. ಟ್ಯಾಂಕಿನ ಬದಲಿ ತಾನು ಸವೀಲಿ ಅಂತನ ಆ ಮೆಗ್ನೀಸಿಯಮ್ ಕಡ್ಡಿ ಹಾಕಿರ್ತಾರ. ನಡುವಿನ ತಂತಿ ಕಂಡ್ರ ಕಡ್ಡಿ ಮುಗೀತು, ಮುಂದ ಟ್ಯಾಂಕೇ ಸವಿಯೂದು. 9 ವರ್ಷದಾಗ ಒಮ್ಮೆನೂ ಬದಲಿಸಿಲ್ಲಂದ್ರ ಈ ಗೀಸರ್ ಮ್ಯಾಲೆ ನನಗೇನೂ ಆಸೆ ಇಲ್ರಿ.

ಪ್ರಶ್ನೆ ಕೇಳಿದವರು:
ಜಾಯಿಂಟುಗಳೆಲ್ಲ ಒಣಗಿವೆ. ತಳದ ಅಂಚಲ್ಲಿ ಕಂದು ಕಲೆ, ಪೇಪರ್ ಅಲ್ಲೇ ಒದ್ದೆಯಾಯಿತು. ಬೆಳಗಿನ ವೋಲ್ಟೇಜ್ 195. ಆನೋಡ್ ಬದಲಿಸಿದ್ದಿಲ್ಲ. ಗ್ಯಾಸ್ ಗೀಸರ್ ಹಾಕಿಸಿದರೆ ಹೇಗೆ?

ಮೈಸೂರಿನಿಂದ:
ಹಾಗಾದರೆ ಹೊಸದೇ ಸರ್. ಇವತ್ತೇ ಎಂಸಿಬಿ ಇಳಿಸಿಬಿಡಿ. ಸೋರಿದ ನೀರು ಪಫ್ (ಟ್ಯಾಂಕಿನ ಸುತ್ತ ಬಿಸಿ ಹಿಡಿದಿಡುವ ಫೋಮ್) ಒಳಗೆ ಇಳಿದು ವೈರ್ ಟರ್ಮಿನಲ್ ತಲುಪಬಹುದು. ಗ್ಯಾಸ್ ಗೀಸರನ್ನು ಬಾತ್‌ರೂಮಿನ ಒಳಗಂತೂ ಖಂಡಿತ ಬೇಡ, ಗ್ಯಾಸ್ ಉರಿಯುವಾಗ ಬರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಹಳೆಯದನ್ನು ಇಳಿಸುವ ಮುಂಚೆ ಖಾಲಿ ಮಾಡಬೇಕು. ಬಿಸಿನೀರಿನ ನಲ್ಲಿ ತೆರೆದರೆ ಮಾತ್ರ ಆಗದು, ಆ ಪೈಪು ಒಳಗೆ ಮೇಲ್ತುದಿಯವರೆಗೂ ಹೋಗಿರುತ್ತದೆ. ತಣ್ಣೀರಿನ ಕಾಕ್ ಮುಚ್ಚಿ, ಬಿಸಿನೀರಿನ ನಲ್ಲಿ ಗಾಳಿಗೆ ತೆರೆದಿಟ್ಟು, ತಣ್ಣೀರಿನ ಕಡೆಯ ಹೋಸ್ ಮತ್ತು ವಾಲ್ವ್ ಬಿಚ್ಚಿ. ಎರಡು ಬಕೆಟ್ ಇಟ್ಟುಕೊಳ್ಳಿ.

ಕೊಳ್ಳುವಾಗ: ಬಕೆಟ್ ಸ್ನಾನಕ್ಕೆ 15 ಲೀಟರ್ ಧಾರಾಳ. 60 ಡಿಗ್ರಿಯ 15 ಲೀಟರಿಗೆ 25 ಡಿಗ್ರಿಯ ತಣ್ಣೀರು ಬೆರೆಸಿದರೆ 40 ಡಿಗ್ರಿಯ 35 ಲೀಟರ್ ಆಗುತ್ತದೆ. ಶವರ್ ಇದ್ದರೆ 25. ಎತ್ತರದ ಅಪಾರ್ಟ್‌ಮೆಂಟ್ ಅಥವಾ ಪ್ರೆಶರ್ ಪಂಪ್ ಇದ್ದರೆ 8 ಬಾರ್ (ಟ್ಯಾಂಕ್ ತಡೆಯುವ ನೀರಿನ ಒತ್ತಡ) ಅಂತ ಬರೆದಿರುವುದನ್ನೇ ತನ್ನಿ. ಹಳೇ ಹೋಸ್, ಹಳೇ ವಾಲ್ವ್ ಉಳಿಸಿಕೊಳ್ಳುವ ಜುಗ್ಗತನ ಬೇಡ. 16 ಆಂಪಿಯರ್ ಸಾಕೆಟ್ಟಿನ ತೂತು ಕಪ್ಪಾಗಿದ್ದರೆ ಅದನ್ನೂ ಬದಲಿಸಿ.

ತುಮಕೂರಿನಿಂದ:
ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ನ್ಯೂಟ್ರಲ್‌ಗೂ ಅರ್ಥಿಂಗಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಮೊದಲು ಅರ್ಥಿಂಗ್ ಸರಿ ಮಾಡಿಸಿ, ಆಮೇಲೆ ಗೀಸರ್. ಕೂರಿಸಿದವರು ಅವಸರದಲ್ಲಿ ಸ್ವಿಚ್ ಒತ್ತಲು ಬಂದರೆ ತಡೆಯಿರಿ: ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಪೂರ್ತಿ ಹೋಗಿ ನೀರು ಒಂದೇ ಸಮ ಬರುವವರೆಗೂ ಕರೆಂಟ್ ಕೊಡಬಾರದು. ಖಾಲಿ ಟ್ಯಾಂಕಿನಲ್ಲಿ ಹೊಸ ಎಲಿಮೆಂಟ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ, ಅದಕ್ಕೆ ವಾರಂಟಿಯೂ ಸಿಗುವುದಿಲ್ಲ.