ಪ್ರಭಾವಳಿ ಹೊತ್ತ ಚಿರತೆ

ಭಾನುವಾರ ಸಂಜೆ ನಮ್ಮ ಜಗಲಿಯಲ್ಲಿ ಕಾಫಿ ಮುಗಿಯುವ ಮೊದಲೇ ರಾಯರು ಲ್ಯಾಪ್‌ಟಾಪ್ ತೆರೆದು, ಕಬಿನಿಯಲ್ಲಿ ಮುಸ್ಸಂಜೆಯ ಹೊತ್ತು ತಾವು ಹಿಡಿದ ಚಿರತೆಯನ್ನು ನಮ್ಮೆದುರು ಬಿಟ್ಟರು. ಕೊಂಬೆಯ ಮೇಲೆ ಮಲಗಿದ್ದ ಆ ಪ್ರಾಣಿಯ ಮೈ ಮೇಣದಲ್ಲಿ ಎರಕ ಹೊಯ್ದಂತೆ ನುಣುಪಾಗಿತ್ತು. ಮೀಸೆ ಇರಬೇಕಾದಲ್ಲಿ ಏನೂ ಇರಲಿಲ್ಲ. ಬೆನ್ನಿನ ಸುತ್ತ ಮಾತ್ರ ಉತ್ಸವಮೂರ್ತಿಯ ಪ್ರಭಾವಳಿಯಂತೆ ಬಿಳಿಯ ಗೆರೆಯೊಂದು ಹೊಳೆಯುತ್ತಿತ್ತು.

“ರಾಯರೇ, ಇದಕ್ಕೆ ಕ್ಷೌರ ಮಾಡಿಸಿದವರು ಯಾರು?” ಎಂದು ಮೇಷ್ಟ್ರು ವಿಚಾರಿಸಿದರು.

“ಮಬ್ಬು ಚಿತ್ರವನ್ನು ಬೆಳಗಿಸುವ ಐಎಸ್‌ಒ ಎಂಬ ಕ್ಯಾಮೆರಾ ಸೆಟ್ಟಿಂಗನ್ನು 12,800ಕ್ಕೆ ಏರಿಸಿ ತೆಗೆದದ್ದು ಸ್ವಾಮೀ. ಚಿತ್ರದ ತುಂಬ ರವೆ ಚೆಲ್ಲಿದಂತೆ ನಾಯ್ಸ್ ಇತ್ತು. ಒಂದು ಸಾಫ್ಟ್‌ವೇರಿನಲ್ಲಿ ಶಾರ್ಪನಿಂಗ್ ಸ್ಲೈಡರನ್ನು ತುದಿಯವರೆಗೆ ಎಳೆದೆ, ರವೆಯೆಲ್ಲ ಸಾಸಿವೆಯಾಯಿತು. ಗಾಬರಿಯಾಗಿ ಅದನ್ನೇ ಇನ್ನೊಂದು ಸಾಫ್ಟ್‌ವೇರಿಗೆ ಹಾಕಿ ನಾಯ್ಸ್ ತೆಗೆಸಿದೆ. ಸಾಸಿವೆಯ ಜೊತೆಗೆ ಮೀಸೆಯೂ ಹೋಯಿತು.”

ನಲವತ್ತು ವರ್ಷ ಸ್ಟುಡಿಯೋ ನಡೆಸಿದ ಮಾಮ ಲೋಟವನ್ನು ಕೆಳಗಿಟ್ಟರು. “ಒಗ್ಗರಣೆ ಹಾಕಿದ ಮೇಲೆ ಅನ್ನದಲ್ಲಿ ಕಲ್ಲು ಆರಿಸಲು ಕುಳಿತಿದ್ದೀರಿ. ಶಾರ್ಪನಿಂಗ್ ಎಂದರೆ ಅಂಚಿನ ಒಂದು ಬದಿಯನ್ನು ಕಪ್ಪಾಗಿಸಿ ಇನ್ನೊಂದು ಬದಿಯನ್ನು ಬೆಳ್ಳಗಾಗಿಸುವುದಷ್ಟೇ. ಯಾವುದು ಕೂದಲು, ಯಾವುದು ನಾಯ್ಸ್ ಎಂಬ ವಿವೇಚನೆ ಅದಕ್ಕಿಲ್ಲವಾದ್ದರಿಂದ ಎರಡನ್ನೂ ಸಮಾನ ಶ್ರದ್ಧೆಯಿಂದ ಬೆಳೆಸುತ್ತದೆ. ಮೊದಲು ಕಲ್ಲು ಆರಿಸಬೇಕು. ಬಣ್ಣ, ಬೆಳಕು ಎಲ್ಲ ಸರಿಮಾಡಿ, ಚಿತ್ರವನ್ನು ಬೇಕಾದ ಅಳತೆಗೆ ಇಳಿಸಿದ ಮೇಲೆ ಒಗ್ಗರಣೆ. ನಮ್ಮ ಡಾರ್ಕ್‌ರೂಮಿನಲ್ಲೂ ಅನ್‌ಶಾರ್ಪ್ ಮಾಸ್ಕ್ ಇತ್ತು. ಮಸುಕಾದ ಪ್ರತಿಯೊಂದನ್ನು ನೆಗೆಟಿವಿಗೆ ಜೋಡಿಸಿ ಪ್ರಿಂಟ್ ಹಾಕಿದರೆ ಚಿತ್ರ ಚುರುಕಾಗುತ್ತಿತ್ತು. ಆ ಹೆಸರೇ ಇಂದಿನ ಸಾಫ್ಟ್‌ವೇರುಗಳಲ್ಲೂ ಉಳಿದುಕೊಂಡಿದೆ.”

“ಹಾಗಾದರೆ ಈ ಪ್ರಭಾವಳಿ?”

“ರೇಡಿಯಸ್, ಅಂದರೆ ಅಂಚಿಗೆ ಬಳಿಯುವ ಗೆರೆಯ ಅಗಲ, ಅತಿಯಾದರೆ ಚಿರತೆಯೂ ದೇವರಾಗುತ್ತದೆ. ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಆಲ್ಟ್ ಕೀ ಒತ್ತಿಕೊಂಡು ಮಾಸ್ಕಿಂಗ್ ಸ್ಲೈಡರ್ ಎಳೆಯಿರಿ. ಶಾರ್ಪನಿಂಗ್ ತಗಲುವ ಜಾಗ ಬೆಳ್ಳಗೆ, ತಗಲದ ಜಾಗ ಕಪ್ಪಗೆ ಕಾಣುತ್ತದೆ. ಹಿಂದಿನ ಮಸುಕು ಕಾಡೆಲ್ಲ ಕಪ್ಪಾಗುವವರೆಗೆ ಎಳೆದರೆ ಸಾಕು.”

ಐಎಸ್‌ಒವನ್ನೇ ಶಪಿಸುತ್ತಿದ್ದ ರಾಯರನ್ನು ನಾನು ತಡೆದೆ. ತಪ್ಪು ಅದರದ್ದಲ್ಲ, ಮುಸ್ಸಂಜೆಯದ್ದು. ಸೆನ್ಸರಿಗೆ ಬೀಳುವ ಬೆಳಕು ನಾಲ್ಕು ಪಟ್ಟಾದರೆ ನಾಯ್ಸಿನೆದುರು ಚಿತ್ರದ ಬಲ ಎರಡು ಪಟ್ಟಾದೀತಷ್ಟೆ, ಬೆಳಕೇ ಇಲ್ಲದಾಗ ಐಎಸ್‌ಒ ಏರಿಸುವುದು ಇರುವ ದೌರ್ಬಲ್ಯವನ್ನು ಮೈಕಿನಲ್ಲಿ ಸಾರಿದಂತೆ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

“ಈಗ ಎಐ ಬಂದಿದೆಯಲ್ಲ, ಅದು ಮೀಸೆಯನ್ನು ಮರಳಿ ತರುವುದಿಲ್ಲವೇ?” ಎಂದರು ರಾಯರು.

“ತರುತ್ತದೆ, ಆದರೆ ಆ ಚಿರತೆಯದ್ದನ್ನಲ್ಲ,” ಎಂದರು ಮೇಷ್ಟ್ರು. “ಉತ್ತರಪತ್ರಿಕೆ ತಿದ್ದುವ ನೆಪದಲ್ಲಿ ಉತ್ತರವನ್ನೂ ತಾನೇ ಬರೆದುಬಿಡುವ ಮೇಷ್ಟ್ರ ಹಾಗೆ ಅದು. ಫೋಕಸ್ಸೇ ತಪ್ಪಿದ ಹಕ್ಕಿಗೆ ತನಗೆ ತೋಚಿದ ಗರಿಗಳನ್ನು ಬಿಡಿಸಿಕೊಟ್ಟದ್ದನ್ನು ನಾನೇ ನೋಡಿದ್ದೇನೆ. ನಾಯ್ಸಿನ ವಿಷಯದಲ್ಲಿ ಮಾತ್ರ ಅದು ನಿಜಕ್ಕೂ ಗಟ್ಟಿಗ, ಒಪ್ಪುತ್ತೇನೆ.”

ಮಾಮನವರೂ ಒಪ್ಪಿದರು. 2023ರ ಏಪ್ರಿಲ್‌ನಲ್ಲಿ ಅಡೋಬಿ ತನ್ನ ಎಐ ಡಿನಾಯ್ಸನ್ನು ಹೊರತಂದಾಗ ಅದು ಸೆನ್ಸರ್ ಕಂಡದ್ದನ್ನು ಹಸಿಯಾಗಿಯೇ ಉಳಿಸುವ ರಾ ಫೈಲುಗಳಿಗಷ್ಟೇ ಒಗ್ಗುತ್ತಿತ್ತು ಎಂದೂ, ಅದಕ್ಕೆ ಕಾರಣವಿದೆ ಎಂದೂ ವಿವರಿಸಿದರು. ರಾ ಫೈಲಿನ ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿಗಳ ಪೈಕಿ ಒಂದೇ ಬಣ್ಣದ ಲೆಕ್ಕವಿರುತ್ತದೆ. ಉಳಿದೆರಡನ್ನು ನೆರೆಹೊರೆಯಿಂದ ಕಡ ತಂದು ಬಣ್ಣ ಕಟ್ಟುವಾಗ ನೆರೆಯವರ ನಾಯ್ಸೂ ಮನೆಯೊಳಗೆ ಬರುತ್ತದೆ. ಅದಕ್ಕೆ ಮೊದಲೇ ಹಿಡಿದರೆ ಕಸ ಕಸವಾಗಿ ಸಿಗುತ್ತದೆ, ಕೂದಲು ಕೂದಲಾಗಿ ಉಳಿಯುತ್ತದೆ. ಜೆಪೆಗ್‌ನಲ್ಲಾದರೋ ಕ್ಯಾಮೆರಾ ತಾನೇ ಒಂದು ಸುತ್ತು ನಾಯ್ಸ್ ಒರೆಸಿ, ಶಾರ್ಪನಿಂಗ್ ಬಳಿದು ಕಳುಹಿಸಿರುತ್ತದೆ.

“ಆದ್ದರಿಂದ ರಾಯರೇ, ಮೊದಲಿನಿಂದ ಶುರುಮಾಡೋಣ. ಆ ರಾ ಫೈಲನ್ನು ತೆರೆಯಿರಿ,” ಎಂದು ಮಾಮ ತೋಳೇರಿಸಿದರು.

ರಾಯರು ಖಾಲಿಯಾಗಿದ್ದ ಕಾಫಿ ಲೋಟವನ್ನು ಮತ್ತೊಮ್ಮೆ ಎತ್ತಿ ಕುಡಿದರು. “ಕಾರ್ಡು ಬೇಗ ತುಂಬಿಬಿಡುತ್ತದೆ ಎಂದು ಬಾವಮೈದುನ ಹೇಳಿದ್ದ. ಸಫಾರಿ ಪೂರ್ತಿ ಜೆಪೆಗ್‌ನಲ್ಲೇ ತೆಗೆದೆ.”