ಚಾಸಿಸ್ ಸ್ವಿಚ್‌ನ್ಯಾಗ ಪೋರ್ಟ್ ಎಲ್ಲಾ ಖಾಲಿ ಕಾಣ್ತಾವ, ಆದ್ರೂ ಒಳಗ ಜಾಮ್, ಏನ್ ಮಾಡ್ಲಿ?

ಧಾರವಾಡದಂವ_ಅಂಧೇರಿ:
ನಮಸ್ಕಾರ್ರಿ ಎಲ್ಲಾರಿಗೂ. ಅಂಧೇರಿ ಈಸ್ಟ್‌ನ್ಯಾಗ ಒಂದು ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೋದಾಗ ನೆಟ್‌ವರ್ಕು ಸ್ಟೋರೇಜು ಎರಡೂ ನಾನೇ ನೋಡ್ಕೋತೀನಿ. ಕೋರ್‌ಗೆ (ಎಲ್ಲಾ ಮಷಿನ್ ಬಂದು ಕೂಡೋ ನಡುವಿನ ಜಾಗಕ್ಕ) ಒಂದು ಹಳೇ ಮಾಡ್ಯುಲರ್ ಸ್ವಿಚ್, ಅಂದ್ರ ಕಾರ್ಡ್ ಹಾಕೋ ಚಾಸಿಸ್ ಸ್ವಿಚ್ ಅದ, ಸೆಕೆಂಡ್ ಹ್ಯಾಂಡ್ ತೊಗೊಂಡದ್ದು, ಅದರಾಗ 16 ಪೋರ್ಟಿನ 10ಜಿ (ಪೋರ್ಟಿಗೆ ಸೆಕೆಂಡಿಗೆ 10 ಗಿಗಾಬಿಟ್) ಕಾರ್ಡ್ ಎರಡು. ಸ್ಟೋರೇಜಿಂದ ನಾಕು ಕೇಬಲ್ ಬಂದು ಮೊದಲನೇ ಕಾರ್ಡಿನ 1ರಿಂದ 4ನೇ ಪೋರ್ಟಿಗೆ ಹಾಕಿ ಲ್ಯಾಗ್ ಮಾಡೀನಿ (ನಾಕೂ ಕೂಡಿಸಿ ಒಂದೇ ಲಿಂಕ್ ಮಾಡೋದು), 40ಜಿ ಸಿಗಬೇಕು. ಎರಡನೇ ಕಾರ್ಡಿನಾಗ ಗ್ರೇಡಿಂಗ್ (ಬಣ್ಣ ತಿದ್ದೋ) ಮಷಿನ್ ಎರಡು, ರೆಂಡರ್ ನೋಡ್ (ಫೈನಲ್ ಫ್ರೇಮ್ ತಯಾರಿಸೋ ಕಂಪ್ಯೂಟರ್) ಎಂಟು, ಸಾಲಾಗಿ 1ರಿಂದ 10ರ ತನಕ.

ಹಗಲೊತ್ತು ಏನೂ ತ್ರಾಸಿಲ್ಲ, ಸಂಜೀಕ ರೆಂಡರ್ ಹಚ್ಚಿದ್ವಿ ಅಂದ್ರ ಗ್ರೇಡಿಂಗ್ ರೂಮಿನಾಗ ಪ್ಲೇಬ್ಯಾಕ್ ತಡವರಿಸ್ತದ. 4096 x 2160 ಡಿಪಿಎಕ್ಸ್ (ಸಿನಿಮಾದ ಇಮೇಜ್ ಫೈಲ್) ಫ್ರೇಮ್ ಒಂದು ಸುಮಾರು 35 ಎಂಬಿ, ಸೆಕೆಂಡಿಗೆ 24 ಫ್ರೇಮ್ ಅಂದ್ರ ಒಂದೇ ಮಷಿನ್‌ಗೆ 6.8 ಗಿಗಾಬಿಟ್ ಬೇಕು. ಕ್ಲೈಂಟ್ ಹಿಂದ ಸೋಫಾದ ಮ್ಯಾಲ ಕೂತಿರ್ತಾರ, ಹೀರೋಯಿನ್ ಮುಖದ ಮ್ಯಾಲ ಶಾಟ್ ನಿಂತು ನಿಂತು ಹೋಗ್ತದ, ಕಲರಿಸ್ಟ್ ನನ್ ಕಡೆ ತಿರುಗಿ ನೋಡ್ತಾನ. ಗ್ರಾಫ್ ತೆಗೆದ್ರ ಸ್ಟೋರೇಜಿನ ನಾಕು ಪೋರ್ಟು 31%, 22%, 27%, 18%. ಔಟ್‌ಪುಟ್ ಡ್ರಾಪ್ (ಹೊರಗ ಹೋಗೋವಾಗ ಬಿದ್ದುಹೋದ ಪ್ಯಾಕೆಟ್) ಸೊನ್ನೆ. ವೆಂಡರ್ ಕಡೆಯವರು ಇನ್ನೊಂದು ಫ್ಯಾಬ್ರಿಕ್ ಮಾಡ್ಯೂಲ್ (ಕಾರ್ಡ್‌ಗಳ ನಡುವ ಡೇಟಾ ಸಾಗಿಸೋ ಒಳಗಿನ ಭಾಗ) ಹಾಕ್ರಿ ಅಂತಾರ. ರೊಕ್ಕ ಖರ್ಚು ಮಾಡೋಕಿಂತ ಮೊದಲ ನಿಮ್ಮನ್ನ ಕೇಳೋಣ ಅಂತ.

ಹಿಂಜವಡಿ_ಪ್ಯಾಕೆಟ್:
ಸರ್, ಆ ನಾಲ್ಕು ನಂಬರ್ ಒಂದ್ಸಲ ಕೂಡಿಸಿ ನೋಡಿ. ಒಂದೊಂದು ಪೋರ್ಟು 10ಜಿ ಅಲ್ವಾ, ಅಂದ್ರೆ 3.1, 2.2, 2.7, 1.8. ಒಟ್ಟು 9.8 ಜಿ. ಹತ್ತರ ಹತ್ರ ಬಂದು ನಿಂತುಬಿಟ್ಟಿದೆ, ಇದು ಕಾಕತಾಳೀಯ ಅಲ್ಲ.

ಹಳೇ 16 ಪೋರ್ಟ್ 10ಜಿ ಕಾರ್ಡ್‌ಗಳಲ್ಲಿ ಮುಂದುಗಡೆ 160 ಜಿ ಕಂಡ್ರೂ ಹಿಂದೆ ಫ್ಯಾಬ್ರಿಕ್ ಕಡೆ ಇರೋದು 40 ಅಷ್ಟೇ, ಸಿಸ್ಕೋದ ಕ್ಯಾಟಲಿಸ್ಟ್ 6500 ಸ್ವಿಚ್‌ನ 6716 ಕಾರ್ಡ್ ಡೇಟಾಶೀಟ್‌ನಲ್ಲಿ 4:1 ಅಂತ ಕೊಟ್ಟೇ ಇದ್ದಾರೆ. ಪಕ್ಕಪಕ್ಕದ ನಾಲ್ಕು ಪೋರ್ಟು ಒಂದು ಗುಂಪು, ಆ ಗುಂಪಿಗೆಲ್ಲ ಸೇರಿ 10ಜಿ. ನಿಮ್ ಕಾರ್ಡೂ ಅದೇ ಥರದ್ದು ಅನ್ಸುತ್ತೆ, ಡೇಟಾಶೀಟ್‌ನಲ್ಲಿ ಪೋರ್ಟ್ ಗ್ರೂಪ್ ಅನ್ನೋ ಭಾಗ ಹುಡುಕಿ. ನೀವು ಸ್ಟೋರೇಜಿನ ನಾಲ್ಕೂ ಕೇಬಲ್‌ನ 1, 2, 3, 4ಕ್ಕೇ ಹಾಕಿದೀರ, ಅಂದ್ರೆ ನಾಲ್ಕು ರಸ್ತೆ ಕಟ್ಟಿ ಒಂದೇ ಸೇತುವೆಗೆ ಸೇರಿಸಿದ ಹಾಗೆ. ಡ್ರಾಪ್ ಆಗ್ತಿರೋದು ಡೇಟಾ ಸ್ವಿಚ್ ಒಳಗೆ ಬರೋ ಕಡೆ, ನೀವು ನೋಡ್ತಿರೋದು ಹೊರಗೆ ಹೋಗೋ ಕಡೆಯ ಕೌಂಟರ್. ಇನ್‌ಪುಟ್ ಓವರ್‌ರನ್ನು (ಒಳಗೆ ಜಾಗ ಸಾಲದೆ ಬಿದ್ದ ಪ್ಯಾಕೆಟ್), ಪಾಝ್ ಫ್ರೇಮ್ (ಸ್ವಲ್ಪ ನಿಲ್ಲಿಸು ಅಂತ ಕಳಿಸೋ ಸಂದೇಶ) ಎರಡೂ ನೋಡಿ.

ಫ್ಯಾಬ್ರಿಕ್ ಮಾಡ್ಯೂಲ್ ದಯವಿಟ್ಟು ತಗೋಬೇಡಿ, ಹತ್ತು ದಾಟಿದ ಟ್ರಾಫಿಕ್ಕು ಫ್ಯಾಬ್ರಿಕ್ ತನಕ ತಲುಪ್ತಾನೇ ಇಲ್ಲವಲ್ಲ. ನಾಲ್ಕು ಕೇಬಲ್‌ನ 1, 5, 9, 13ಕ್ಕೆ ಹಂಚಿ, ಗುಂಪಿಗೆ ಒಂದೊಂದು.

ಮಹಾಪೆ_ಭಟ್ರು:
ಮೇಲಿನವರು ಹೇಳಿದ್ದು ಸರಿ ಉಂಟು, ಆದ್ರೆ ಅರ್ಧ ಕೆಲಸ ಮಾತ್ರ ಮಾರಾಯ್ರೆ. ಎರಡನೇ ಕಾರ್ಡ್ ಸಹ ನೋಡಿ. ಗ್ರೇಡಿಂಗ್ ಮಷಿನ್ ಮತ್ತೆ ರೆಂಡರ್ ನೋಡ್ ಒಂದೇ ಗುಂಪಿನಲ್ಲಿ ಉಂಟಲ್ಲ, 6.8 ಬೇಕಾದವನ ಪಕ್ಕದಲ್ಲಿ ಇನ್ನು ಮೂರು ಜನ ಕೈ ಹಾಕಿದ್ರೆ ಅವನಿಗೆ ಏನು ಉಳಿಯುತ್ತೆ?

ಇನ್ನೊಂದು ವಿಷಯ, ಇದು ನಿಧಾನ ಓದಿ. ಒಳಗೆ ಬರುವ ಕಡೆ ಒಂದೇ ಕ್ಯೂ ಇದ್ರೆ ತಲೆಯಲ್ಲಿ ನಿಂತ ಪ್ಯಾಕೆಟ್‌ನ ದಾರಿ ಬ್ಲಾಕ್ ಆದ್ರೆ ಹಿಂದಿನದ್ದಕ್ಕೆ ದಾರಿ ಖಾಲಿ ಇದ್ರೂ ಹೋಗ್ಲಿಕ್ಕೆ ಆಗುದಿಲ್ಲ. ಮಾಟುಂಗದ ಹೋಟೆಲಿನಲ್ಲಿ ಕೂಪನ್ ಹಿಡಿದು ಸಾಲು ನಿಂತಿರ್ತೀರಿ, ಎದುರಿನವರ ರವೆ ದೋಸೆ ಇನ್ನೂ ಕಾವಲಿಯಲ್ಲಿ, ನಿಮ್ಮ ಇಡ್ಲಿ ಬಿಸಿ ಬಿಸಿ ರೆಡಿ, ಆದ್ರೂ ನೀವು ಕಾಯಬೇಕು. ಹೀಗೆ ಒಂದೇ ಕ್ಯೂ ಇರುವ ದೊಡ್ಡ ಸ್ವಿಚ್, ಟ್ರಾಫಿಕ್ ಎಲ್ಲ ಕಡೆ ಸಮ ಹಂಚಿದ್ರೂ ಸಾಮರ್ಥ್ಯದ 58.6% ದಾಟುದಿಲ್ಲ ಅಂತ 1987ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಅದಕ್ಕೇ ಹೋಗುವ ಪೋರ್ಟಿಗೊಂದು ಬೇರೆ ಬೇರೆ ಕ್ಯೂ ಇಡುದು, ವರ್ಚುವಲ್ ಔಟ್‌ಪುಟ್ ಕ್ಯೂ ಅಂತ. ಬರೇ ಕ್ಯೂ ಇದ್ರೆ ಸಾಲದು, ಯಾವ ಕ್ಯೂನಿಂದ ಯಾವಾಗ ಬಿಡುದು ಅಂತ ಹೇಳ್ಲಿಕ್ಕೆ ಆರ್ಬಿಟರ್ (ಸರದಿ ತೀರ್ಮಾನ ಮಾಡುವವ) ಬೇಕು, ನೆಟ್‌ವರ್ಕ್ ಸಂಶೋಧಕ ನಿಕ್ ಮೆಕಿಯೋನ್ ಅವರ ಐಸ್ಲಿಪ್ ಅನ್ನುವ ಅಲ್ಗಾರಿದಂ ಅದಕ್ಕೇ ಬಂದದ್ದು. ಮುಂದೆ ಹೊಸ ಚಾಸಿಸ್ ತಗೊಳ್ಳುವಾಗ ಟೆರಾಬಿಟ್ ನಂಬರ್ ಬಿಡಿ, ಮೂರು ಪ್ರಶ್ನೆ ಕೇಳಿ: ಕ್ಯೂ ಹೇಗೆ, ಒಂದು ಸ್ಲಾಟಿಗೆ ಫ್ಯಾಬ್ರಿಕ್ ಎಷ್ಟು, ಒಂದು ಫ್ಯಾಬ್ರಿಕ್ ಮಾಡ್ಯೂಲ್ ಸತ್ತರೆ ಎಷ್ಟು ಉಳಿಯುತ್ತೆ.

ಹಿಂಜವಡಿ_ಪ್ಯಾಕೆಟ್:
ಭಟ್ರ ಮಾತಿಗೆ ಒಂದು ಸೇರಿಸ್ತೀನಿ. ಲ್ಯಾಗ್ ಹ್ಯಾಶ್‌ನಲ್ಲಿ (ಯಾವ ಪ್ಯಾಕೆಟ್ ಯಾವ ಕೇಬಲ್‌ಗೆ ಅಂತ ಹಂಚೋ ಲೆಕ್ಕ) ಬರೀ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಇದ್ಯಾ ನೋಡಿ, ಐಪಿ ಜೊತೆ ಟಿಸಿಪಿ ಪೋರ್ಟೂ ಸೇರಿಸಿ. ಇಲ್ಲಾಂದ್ರೆ ಒಂದು ಮಷಿನ್‌ನ ಕನೆಕ್ಷನ್ ಎಲ್ಲ ಒಂದೇ ಕೇಬಲ್ ಮೇಲೆ ಕೂರುತ್ತೆ.

ಧಾರವಾಡದಂವ_ಅಂಧೇರಿ:
ತಡಾ ಆತು, ಕ್ಷಮಿಸ್ರಿ. ಕೌಂಟರ್ ನೋಡಿದ್ಯಾ, ಇನ್‌ಪುಟ್ ಓವರ್‌ರನ್ ಲಕ್ಷಗಟ್ಲೆ ಕೂತಿತ್ತು, ಇಷ್ಟ್ ದಿನಾ ಆ ಸಾಲಿನ ಕಡೆ ನಾ ಕಣ್ಣೇ ಹಾಯಿಸಿರ್ಲಿಲ್ಲ. ಡೇಟಾಶೀಟ್‌ನ್ಯಾಗೂ ನಾಕು ಪೋರ್ಟಿಗೆ 10 ಅಂತನೇ ಅದ.

ರವಿವಾರ ರಾತ್ರಿ ಒಂದೊಂದೇ ಕೇಬಲ್ ತೆಗೆದು 1, 5, 9, 13ಕ್ಕ ಹಾಕಿದೆ, ಲ್ಯಾಗ್ ಇದ್ದದ್ದಕ್ಕ ಸ್ಟೋರೇಜ್ ಒಮ್ಮೆನೂ ಬಂದ್ ಆಗ್ಲಿಲ್ಲ. ಎರಡನೇ ಕಾರ್ಡಿನಾಗ ಗುಂಪು ನಾಕು, ಲೆಕ್ಕ ಸರಿಯಾಗಿ ಕೂತ್ತು: ಗ್ರೇಡಿಂಗ್ ಮಷಿನ್‌ಗೆ ಒಂದೊಂದು ಗುಂಪು ಪೂರ್ತಿ, ರೆಂಡರ್ ಎಂಟು ಉಳಿದ ಎರಡರಾಗ. ಹ್ಯಾಶ್‌ನೂ ಬದಲಿಸೀನಿ.

ಸೋಮವಾರ ಸಂಜೀಕ ರೆಂಡರ್ ನಡೆದಾಗೇ ಎರಡೂ ರೂಮಿನಾಗ ಪ್ಲೇ ಮಾಡಿಸ್ದೆ. ಪೋರ್ಟು 52%, 38%, 44%, 29%, ಒಟ್ಟು 16.3, ಓವರ್‌ರನ್ ಒಂದೂ ಏರ್ಲಿಲ್ಲ. ರೆಂಡರ್ ಸ್ವಲ್ಪ ನಿಧಾನ ಆಗ್ಯಾವ, ಅದು ರಾತ್ರಿ ಪೂರ್ತಿ ನಡೀತದ, ನಡೀತದ ಬಿಡ್ರಿ. ಖಾಲಿ ಬಿಟ್ಟ ಪೋರ್ಟೆಲ್ಲಾ ಶಟ್‌ಡೌನ್ ಮಾಡಿ ಕೆಂಪು ಟೇಪ್ ಹಚ್ಚೀನಿ, ಖಾಲಿ ಅದ ಅಂತ ಯಾರಾರ ಕೇಬಲ್ ಚುಚ್ಚಬಾರ್ದು ಅಂತ ಮರಾಠಿಯೊಳಗೂ ಬರ್ದೀನಿ.