ತೋಟದ ಕೆಲಸಗಾರರಿಗೆ ‘ತಿಂಗಳ ಉತ್ತಮ ಕೆಲಸಗಾರ’ ಬಹುಮಾನ ಹೊಂದುತ್ತದೆಯೇ?

ಸಿದ್ದಾಪುರದ ಮ್ಯಾನೇಜರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಕಡೆಯ ಒಂದು ಮಧ್ಯಮ ಗಾತ್ರದ ಕಾಫಿ ತೋಟವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಹೆಚ್ಚಿನ ಭಾಗ ರೋಬಸ್ಟಾ, ಮೇಲಿನ ಬದಿಯಲ್ಲಿ ಸ್ವಲ್ಪ ಅರೇಬಿಕಾ, ನೆರಳಿನ ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ. ಲೈನ್ ಮನೆಗಳಲ್ಲಿ (ತೋಟದೊಳಗಿನ ಕೆಲಸಗಾರರ ಸಾಲು ಮನೆಗಳಲ್ಲಿ) ವರ್ಷವಿಡೀ ಇರುವ ಕೆಲಸಗಾರರು ಹದಿನೈದಕ್ಕೆ ಮೇಲಿದ್ದಾರೆ. ಕೊಯ್ಲಿನ ಕಾಲದಲ್ಲಿ ಆಳುಗಳನ್ನು ಕರೆತಂದು ಕೆಲಸ ಮಾಡಿಸುವ ಮೇಸ್ತ್ರಿಯ ಮೂಲಕ ಹೊರಗಿನಿಂದ, ಅದರಲ್ಲೂ ಅಸ್ಸಾಂ ಮತ್ತು ಜಾರ್ಖಂಡ್ ಕಡೆಯಿಂದ ಬರುವವರ ಸಂಖ್ಯೆ ಅದಕ್ಕಿಂತ ಹೆಚ್ಚು.

ತೋಟದ ಮಾಲೀಕರು ಬೆಂಗಳೂರಿನ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಒಳ್ಳೆಯ ಕೈಗಳು ಕೊಯ್ಲಿನ ನಡುವೆಯೇ ಪಕ್ಕದ ತೋಟಗಳಿಗೆ ಹೋಗುತ್ತಿರುವುದನ್ನು ಕಂಡು, ತಮ್ಮ ಕಂಪನಿಯಲ್ಲಿರುವಂತೆ ಇಲ್ಲಿಯೂ ಪ್ರತಿ ತಿಂಗಳು ಅತಿ ಹೆಚ್ಚು ಕಿಲೋ ಹಣ್ಣು ಕೊಯ್ದವರನ್ನು ‘ಉತ್ತಮ ಕೆಲಸಗಾರ’ ಎಂದು ಘೋಷಿಸಿ, ಕಣದ ಪಕ್ಕದ ಗೋದಾಮಿನ ಗೋಡೆಗೆ ಅವರ ಭಾವಚಿತ್ರ ಹಾಕಿ, ಒಂದು ಕುಕ್ಕರನ್ನೋ ಕಂಬಳಿಯನ್ನೋ ಕೊಡಬೇಕೆಂದು ಸೂಚಿಸಿದ್ದಾರೆ. ಸಂಬಳ ಕೊಟ್ಟ ಮೇಲೆ ಶಹಬ್ಬಾಸ್‌ಗಿರಿ ಏಕೆ ಎನ್ನುವ ಹಳೆಯ ಕಾಲದವನು ನಾನಲ್ಲ. ಆದರೂ ಕಚೇರಿಯ ಪದ್ಧತಿಯನ್ನು ಹಾಗೆಯೇ ತಂದು ತೋಟದಲ್ಲಿ ಇಳಿಸಬಹುದೇ ಎಂಬ ಅನುಮಾನ ನನಗಿದೆ. ದಿನಗೂಲಿಗೆ ಹಾಗೂ ಕಿಲೋ ಲೆಕ್ಕಕ್ಕೆ ದುಡಿಯುವವರ ಕೆಲಸವನ್ನು ಗುರುತಿಸುವ ಸರಿಯಾದ ಕ್ರಮ ಯಾವುದು? ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಅಮ್ಮತ್ತಿಯ ಬೆಳೆಗಾರ

ಮ್ಯಾನೇಜರ್ ಅವರೇ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಬಹುಮಾನ ಕೊಡಬೇಕೇ ಬೇಡವೇ ಎಂಬುದಕ್ಕಿಂತ ಮೊದಲು, ಯಾವುದಕ್ಕೆ ಕೊಡುತ್ತಿದ್ದೀರಿ ಎಂಬುದನ್ನು ನೋಡಬೇಕು. ಅತಿ ಹೆಚ್ಚು ಕಿಲೋ ಕೊಯ್ದವರಿಗೆ ಬಹುಮಾನವೆಂದು ನೀವು ಘೋಷಿಸಿದ ಮರುದಿನದಿಂದಲೇ ಹಸಿರು ಕಾಯಿ, ಅರೆಹಣ್ಣು, ಎಲೆ, ಕಡ್ಡಿ ಎಲ್ಲವೂ ಚೀಲಕ್ಕೆ ಬರುತ್ತವೆ. ಸುಮಾರು ಐದು ಕಿಲೋ ಹಣ್ಣಿಗೆ ಒಂದು ಕಿಲೋ ಕಾಫಿ ಬೀಜ ಸಿಗುವ ಬೆಳೆಯಲ್ಲಿ ಕಾಯಿಯ ತೂಕಕ್ಕೆ ಹಣ ಕೊಟ್ಟು ಖುಷಿಪಡುವುದರಲ್ಲಿ ಅರ್ಥವಿಲ್ಲ. ಅವಸರದಲ್ಲಿ ರೆಕ್ಕೆಯನ್ನು (ಗಿಡದ ಪಕ್ಕದ ಕೊಂಬೆಯನ್ನು) ಎಳೆದು ಮುರಿದರೆ ಮುಂದಿನ ವರ್ಷದ ಫಸಲೂ ಅದರೊಂದಿಗೆ ಹೋಗುತ್ತದೆ, ಏಕೆಂದರೆ ಕಾಫಿ ಹೂ ಬಿಡುವುದು ಈ ವರ್ಷ ಬೆಳೆದ ಎಳೆಯ ರೆಕ್ಕೆಯ ಮೇಲೆಯೇ. ಗಿಡದಲ್ಲಿ ಉಳಿದ ಮತ್ತು ನೆಲಕ್ಕೆ ಬಿದ್ದ ಹಣ್ಣನ್ನು ಆರಿಸದೆ ಮುಂದಿನ ಸಾಲಿಗೆ ಓಡಿದರೆ ಕಾಯಿಕೊರಕ ಹುಳುವಿಗೆ ಮನೆ ಮಾಡಿಕೊಟ್ಟಂತೆ. ಕೆಳಗೆ ಬಿದ್ದದ್ದನ್ನು ತಾಳ್ಮೆಯಿಂದ ಹೆಕ್ಕುವ ಅಜ್ಜಿಯ ಚೀಲ ಸಂಜೆಗೆ ಹಗುರವಾಗಿಯೇ ಇರುತ್ತದೆ, ಆದ್ದರಿಂದ ಆಕೆಗೆ ಎಂದಿಗೂ ನಿಮ್ಮ ಕುಕ್ಕರ್ ಬರುವುದಿಲ್ಲ.

ಇನ್ನೊಂದು ವಿಷಯವನ್ನು ಬೆಂಗಳೂರಿನಲ್ಲಿರುವ ನಿಮ್ಮ ಮಾಲೀಕರು ಊಹಿಸಿರಲಾರರು. ಯಾರಿಗೆ ಯಾವ ಸಾಲು ಎಂಬುದನ್ನು ಬೆಳಿಗ್ಗೆ ಹಂಚುವವನು ಮೇಸ್ತ್ರಿ. ಸಮತಟ್ಟಾದ ಜಾಗದಲ್ಲಿ ಗೊಂಚಲು ತುಂಬಿದ ಸಾಲು ಸಿಕ್ಕವರಿಗೂ ಜಾರುವ ಬರೆಯಲ್ಲಿ ಬಡಕಲು ಗಿಡಗಳ ಸಾಲು ಸಿಕ್ಕವರಿಗೂ ಸಂಜೆಯ ತೂಕದಲ್ಲಿ ದುಪ್ಪಟ್ಟು ವ್ಯತ್ಯಾಸವಿರಬಹುದು. ಆದ್ದರಿಂದ ತಿಂಗಳ ಉತ್ತಮ ಕೆಲಸಗಾರನನ್ನು ಆರಿಸುವವರು ನೀವೂ ಅಲ್ಲ, ಮಾಲೀಕರೂ ಅಲ್ಲ, ಮೇಸ್ತ್ರಿ. ಅವನ ನಾದಿನಿಯ ಭಾವಚಿತ್ರ ಗೋಡೆಗೆ ಬಂದ ದಿನ ಲೈನ್ ಮನೆಗಳಲ್ಲಿ ಏನು ಮಾತು ನಡೆಯುತ್ತದೆಂಬುದನ್ನು ನಾನು ಬರೆಯಬೇಕಾಗಿಲ್ಲ.

ಬಹುಮಾನಕ್ಕೆ ಇಟ್ಟ ಹಣದಲ್ಲಿ ಮೊದಲು ಒಂದು ಒಳ್ಳೆಯ ಡಿಜಿಟಲ್ ತಕ್ಕಡಿ ತನ್ನಿ. ಅಂಕಿ ಕಾಣುವ ಬದಿ ಲೆಕ್ಕ ಬರೆಯುವ ರೈಟರ್ ಕಡೆಗಲ್ಲ, ಚೀಲ ಹೊತ್ತು ತಂದವರ ಕಡೆಗೆ ಇರಲಿ. ಚೀಲದ ತೂಕವೆಂದು ಎಷ್ಟು ಕಳೆಯುತ್ತೀರಿ ಎಂಬುದನ್ನು ಕೊಯ್ಲಿನ ಮೊದಲ ದಿನವೇ ಎಲ್ಲರೆದುರು ಖಾಲಿ ಚೀಲವನ್ನು ತೂಗಿ ತೋರಿಸಿ. ಕಿಲೋ ಮೇಲಿನ ಗ್ರಾಂಗಳನ್ನು ಬಿಟ್ಟು ಬರೆಯುವ ಅಭ್ಯಾಸ ಎಷ್ಟೋ ತೋಟಗಳಲ್ಲಿದೆ. ಅಂಥ ಕಡೆ ಕಂಬಳಿ ಕೊಟ್ಟರೆ, ಅದು ತಮ್ಮದೇ ಗ್ರಾಂಗಳಿಂದ ನೇಯ್ದದ್ದೆಂದು ಕೆಲಸಗಾರರು ಲೆಕ್ಕ ಹಾಕಿಯೇ ಹೊದೆಯುತ್ತಾರೆ. ಬಟವಾಡೆಯ ದಿನವನ್ನು ಸಂತೆಯ ಹಿಂದಿನ ಸಂಜೆಗೆ ನಿಗದಿಪಡಿಸಿ, ಮಳೆ ಬಂದರೂ ಮಾಲೀಕರ ದುಡ್ಡು ಬಾರದಿದ್ದರೂ ಅದನ್ನು ತಪ್ಪಿಸಬೇಡಿ. ಪಕ್ಕದ ತೋಟಕ್ಕೆ ಹೋಗುವವರು ಅಲ್ಲಿನ ಭಾವಚಿತ್ರ ನೋಡಿ ಹೋಗುತ್ತಿಲ್ಲ.

ಗೋಣಿಕೊಪ್ಪಲಿನವಳು

ನಾನು ಮೈಸೂರಿನ ಕಾರ್ಖಾನೆಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ಮನೆಯಲ್ಲಿ ತೋಟವಿರುವುದರಿಂದ ಎರಡೂ ಕಡೆಯ ಪರಿಚಯವಿದೆ. ಮೇಲಿನ ಮಾತನ್ನು ನಮ್ಮ ಕ್ಷೇತ್ರದವರು ಬೇರೆ ರೀತಿಯಲ್ಲಿ ಹೇಳುತ್ತಾರೆ. ಫ್ರೆಡೆರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಎಂಜಿನಿಯರ್ ಹಾಗೂ ಲೆಕ್ಕಿಗರನ್ನು ಸಂದರ್ಶಿಸಿ 1959ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇಷ್ಟು: ಕೆಲಸದಲ್ಲಿ ಬೇಸರ ಹುಟ್ಟಿಸುವ ಸಂಗತಿಗಳೇ ಬೇರೆ, ತೃಪ್ತಿ ಕೊಡುವ ಸಂಗತಿಗಳೇ ಬೇರೆ. ಸಂಬಳ, ಮೇಲ್ವಿಚಾರಕನ ನಡತೆ, ನಿಯಮಗಳು, ಕೆಲಸದ ಜಾಗದ ಸ್ಥಿತಿ ಇವು ಕೆಟ್ಟರೆ ಜನ ಬೇಸರಗೊಳ್ಳುತ್ತಾರೆ, ಸರಿಯಾದರೆ ಬೇಸರ ಹೋಗುತ್ತದೆ, ಅಷ್ಟೇ. ಕೆಲಸದ ಬಗ್ಗೆ ಹಿಗ್ಗು ಬರುವುದು ಸಾಧನೆ, ಗುರುತಿಸುವಿಕೆ, ಹೊಣೆಗಾರಿಕೆ ಇವುಗಳಿಂದ. ಈ ವಿಂಗಡಣೆಯ ಬಗ್ಗೆ ಮುಂದೆ ಸಾಕಷ್ಟು ಟೀಕೆಗಳು ಬಂದವು. ಒಳ್ಳೆಯದಾದಾಗ ‘ನನ್ನಿಂದ’ ಎಂದೂ ಕೆಟ್ಟದ್ದಾದಾಗ ‘ಅವರಿಂದ’ ಎಂದೂ ಹೇಳುವುದು ಮನುಷ್ಯ ಸ್ವಭಾವ. ಬರೀ ಸಂದರ್ಶನವನ್ನು ನಂಬಿದರೆ ಇಂಥದೇ ಫಲ ಬರುತ್ತದೆ ಎಂಬುದು ಅವುಗಳಲ್ಲಿ ಒಂದು. ಅಲ್ಲದೆ ಆ ಸಂದರ್ಶನದಲ್ಲಿ ದಿನಗೂಲಿಯವರು ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಆದರೂ ತೂಕದ ಅಸಮಾಧಾನವನ್ನು ಹೊಗಳಿಕೆಯಿಂದ ಮುಚ್ಚಲಾಗದು ಎಂಬಷ್ಟನ್ನು ಅದರಿಂದ ಧಾರಾಳವಾಗಿ ತೆಗೆದುಕೊಳ್ಳಬಹುದು.

ಆದರೆ ಅಮ್ಮತ್ತಿಯವರ ಉತ್ತರ ಅರ್ಧಕ್ಕೆ ನಿಂತಿದೆ ಎನ್ನುವುದು ನನ್ನ ಅಭಿಪ್ರಾಯ. ತಕ್ಕಡಿ ಸರಿಯಾದ ಮೇಲೂ ಮಾಡಬೇಕಾದದ್ದು ಉಳಿಯುತ್ತದೆ. ನಿಮ್ಮ ಕಾಯಂ ಕೆಲಸಗಾರರಲ್ಲಿ ಅರೇಬಿಕಾ ಗಿಡದ ಕಾಂಡದ ಮೇಲಿನ ಸಣ್ಣ ಉಬ್ಬನ್ನು ನೋಡಿಯೇ ಬಿಳಿ ಕಾಂಡಕೊರಕ ಹುಳು ಹೊಕ್ಕ ಗಿಡವನ್ನು ಗುರುತಿಸುವವರು ಒಬ್ಬಿಬ್ಬರಾದರೂ ಇರುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಅದರ ದುಂಬಿಗಳು ಹೊರಬರುತ್ತವೆ. ಅದಕ್ಕೆ ಮೊದಲೇ ಅಂಥ ಗಿಡಗಳನ್ನು ಪತ್ತೆ ಹಚ್ಚಿ ಕಿತ್ತು ಸುಟ್ಟವರಿಂದ ಉಳಿದ ಗಿಡಗಳೆಷ್ಟು ಎಂಬುದು ಯಾವ ಹಾಜರಿ ಪುಸ್ತಕದಲ್ಲಿಯೂ ಬರುವುದಿಲ್ಲ. ಅವರನ್ನು ಕರೆದು, ‘ಮೇಲಿನ ಬ್ಲಾಕಿನಲ್ಲಿ ಈ ಸಲ ಕೊರಕ ಕಡಿಮೆಯಾಗಿದೆ, ನೀವು ಸೆಪ್ಟೆಂಬರಿನಲ್ಲಿ ಹುಡುಕಿ ತೆಗೆದದ್ದರಿಂದ’ ಎಂದು ಹೇಳಿ. ‘ಎಲ್ಲರೂ ಚೆನ್ನಾಗಿ ದುಡಿದಿದ್ದೀರಿ’ ಎಂಬ ಸಭೆಯ ಮಾತು ಯಾರಿಗೂ ಸೇರುವುದಿಲ್ಲ, ಏಕೆಂದರೆ ನೋಡದೆಯೂ ಹಾಗೆ ಹೇಳಬಹುದು. ಹೊಸಬರಿಗೆ ಆ ಕೆಲಸ ಕಲಿಸುವ ಹೊಣೆಯನ್ನು ಅವರಿಗೇ ವಹಿಸಿ, ಆ ದಿನಗಳಿಗೆ ಕೂಲಿಯನ್ನೂ ಸ್ವಲ್ಪ ಹೆಚ್ಚಿಸಿ. ಹೊಣೆ ಹೆಚ್ಚಿಸಿ ಕೂಲಿ ಹೆಚ್ಚಿಸದಿರುವುದನ್ನು ನಮ್ಮ ಕಾರ್ಖಾನೆಗಳಲ್ಲಿಯೂ ಗೌರವವೆಂದು ಕರೆಯುತ್ತಾರೆ, ಆದರೆ ಯಾರೂ ಮೋಸಹೋಗುವುದಿಲ್ಲ.

ಲೈನ್ ಮನೆಯಲ್ಲಿ ಬೆಳೆದವನು

ನನ್ನ ತಂದೆ ತಾಯಿ ಇಬ್ಬರೂ ಸುಂಟಿಕೊಪ್ಪದ ಬಳಿಯ ತೋಟದಲ್ಲಿ ದುಡಿದವರು. ನಾನು ಈಗ ಶಾಲಾ ಶಿಕ್ಷಕ. ಇಲ್ಲಿಯವರೆಗೆ ಮಾತನಾಡಿದವರೆಲ್ಲ ಕೊಡುವ ಕಡೆಯವರು, ಆದ್ದರಿಂದ ಪಡೆಯುವ ಕಡೆಯಿಂದಲೂ ಎರಡು ಮಾತು ಇರಲಿ.

ಗೋಡೆಯ ಮೇಲಿನ ಭಾವಚಿತ್ರ ಮುಂದೆ ಅಳತೆಗೋಲಾಗುತ್ತದೆ. ‘ಅವಳು ಅಷ್ಟು ಕೊಯ್ದಳಲ್ಲ, ನಿನಗೇನಾಗಿದೆ’ ಎಂದು ಮೇಸ್ತ್ರಿ ಕೇಳುವುದಕ್ಕೆ ಅದೇ ದಾರಿ. ಒಂದೇ ನಲ್ಲಿಯಲ್ಲಿ ನೀರು ಹಿಡಿಯುವ ಹೆಂಗಸರ ನಡುವೆ ಒಬ್ಬಳನ್ನು ಎತ್ತಿ ನಿಲ್ಲಿಸಿದರೆ ಆಕೆಯೇ ಮುಂದಿನ ತಿಂಗಳು ಕೈ ನಿಧಾನ ಮಾಡುತ್ತಾಳೆ. ಇದನ್ನು ಸೋಮಾರಿತನವೆಂದು ತಿಳಿಯುವ ಮಾಲೀಕರಿದ್ದಾರೆ; ನೆರೆಹೊರೆಯೊಂದಿಗೆ ಬಾಳುವ ವಿವೇಕವೆಂದು ನಾನು ತಿಳಿಯುತ್ತೇನೆ.

ಎರಡನೆಯದು ಹಕ್ಕು ಮತ್ತು ಉಡುಗೊರೆಗಳ ನಡುವೆ ಇರುವ ಅಂತರ. 1965ರ ಬೋನಸ್ ಕಾಯ್ದೆಯು ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದ ಅರ್ಹರಿಗೆ, ಮುಂದಿನ ತಿದ್ದುಪಡಿಗಳ ನಂತರ, ವರ್ಷದ ಕೂಲಿಯ ಶೇ 8.33ರಷ್ಟು ಕನಿಷ್ಠ ಬೋನಸ್ ನಿಗದಿಪಡಿಸಿತು. 1972ರ ಗ್ರಾಚ್ಯುಯಿಟಿ ಕಾಯ್ದೆಯು ಐದು ವರ್ಷ ಸತತವಾಗಿ ದುಡಿದವರಿಗೆ ಕೆಲಸ ಬಿಡುವಾಗ ವರ್ಷಕ್ಕೆ 15 ದಿನದ ಕೂಲಿಯಂತೆ ಕೊಡಬೇಕೆಂದಿತು. ಒಂದೇ ಬಗೆಯ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಕೂಲಿ ಇರಕೂಡದೆಂದು 1976ರ ಕಾಯ್ದೆ ಹೇಳಿತು. ಇನ್ನೂ ಮೊದಲೇ, 1951ರ ತೋಟ ಕಾರ್ಮಿಕರ ಕಾಯ್ದೆಯು (ನಂತರದ ತಿದ್ದುಪಡಿಯಂತೆ) ಐದು ಹೆಕ್ಟೇರ್‌ಗೂ ಹದಿನೈದು ಕೆಲಸಗಾರರಿಗೂ ಕಡಿಮೆಯಿಲ್ಲದ ತೋಟಗಳಲ್ಲಿ ಮನೆ, ಕುಡಿಯುವ ನೀರು, ಶೌಚಾಲಯ, ಚಿಕಿತ್ಸೆಗಳ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಇವನ್ನೆಲ್ಲ ಈಗ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಸಲಾಗಿದೆ. ಹುತ್ತರಿ ಹಬ್ಬಕ್ಕೆ ಕಂಬಳಿ ಕೊಟ್ಟು, ಬೋನಸ್ ಬಗ್ಗೆ ಕೇಳಿದವರಿಗೆ ‘ಕಂಬಳಿ ಕೊಟ್ಟಿದ್ದೇವಲ್ಲ’ ಎನ್ನುವ ತೋಟವೊಂದನ್ನು ನಾನು ಬಾಲ್ಯದಿಂದ ಬಲ್ಲೆ. ಅಂಥ ಕಂಬಳಿಯನ್ನು ನಮ್ಮ ಮನೆಯಲ್ಲಿ ಯಾರೂ ಮೆಚ್ಚುಗೆಯೆಂದು ಸ್ವೀಕರಿಸಲಿಲ್ಲ.

ನಿಜಕ್ಕೂ ಜನ ನೆನಪಿಟ್ಟುಕೊಳ್ಳುವುದು ಸಣ್ಣ ಸಂಗತಿಗಳನ್ನು. ‘ಏಯ್’ ಎನ್ನದೆ ಹೆಸರು ಹಿಡಿದು ಕರೆಯುವುದು, ಆನೆ ಇಳಿದ ಬೆಳಿಗ್ಗೆ ತಡವಾಗಿ ಕೆಲಸಕ್ಕೆ ಬಂದವರ ಅರ್ಧ ಹಾಜರಿ ಕತ್ತರಿಸದಿರುವುದು, ಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಕೊಡುವ ಮೊದಲು ಆ ಸಾಲಿನಲ್ಲಿ ವಿದ್ಯುತ್ ತಂತಿ ಹಾದುಹೋಗಿದೆಯೇ ಎಂದು ಸ್ವತಃ ನೋಡುವುದು. ಕೊನೆಯದನ್ನು ಯಾವ ಬಹುಮಾನಕ್ಕಿಂತಲೂ ಮೇಲಿಡುತ್ತೇನೆ. ಏಣಿ ತಂತಿಗೆ ತಗುಲಿ ಪ್ರಾಣ ಹೋದ ಸುದ್ದಿ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ.

ಗಾಳಿಬೀಡಿನ ಹೋಂಸ್ಟೇ

ತೋಟದ ವಿಷಯ ನನಗೆ ಹೆಚ್ಚು ತಿಳಿಯದು. ನಮ್ಮಲ್ಲಿ ಅತಿಥಿಗಳು ಅಂತರ್ಜಾಲದಲ್ಲಿ ಬರೆದ ಒಳ್ಳೆಯ ಮಾತನ್ನು ಅಡುಗೆಯವರಿಗೆ ಅದೇ ದಿನ ಸಂಜೆ ಕನ್ನಡದಲ್ಲಿ ಓದಿ ಹೇಳುತ್ತೇವೆ, ಟಿಪ್ಸ್ ಡಬ್ಬಿಯ ಹಣವನ್ನು ಪಾತ್ರೆ ತೊಳೆಯುವವರೂ ಸೇರಿ ಎಲ್ಲರಿಗೂ ಸಮನಾಗಿ ಹಂಚುತ್ತೇವೆ. ಇದರಿಂದ ಜಗಳ ಬಂದಿಲ್ಲ.

ನಾಪೋಕ್ಲುವಿನ ನಿವೃತ್ತ ಸುಬೇದಾರ್

ಶಿಕ್ಷಕರ ಮಾತಿಗೆ ನನ್ನ ಒಪ್ಪಿಗೆ ಇದೆ, ಆದರೆ ಎಲ್ಲರೆದುರಿನ ಗೌರವವೇ ಬೇಡ ಎಂಬಲ್ಲಿಗೆ ಈ ಚರ್ಚೆ ಹೋಗಬಾರದು. ಸೈನ್ಯದಲ್ಲಿ ಬಡಾಖಾನಾ ಎಂಬ ಪದ್ಧತಿಯಿದೆ. ಅಧಿಕಾರಿಗಳೂ ಜವಾನರೂ ಒಟ್ಟಿಗೆ ಉಣ್ಣುತ್ತಾರೆ, ಅಧಿಕಾರಿಗಳು ಬಡಿಸುವುದೂ ಉಂಟು. ಅಲ್ಲಿ ಒಬ್ಬನನ್ನು ಆರಿಸುವುದಿಲ್ಲ, ಇಡೀ ತುಕಡಿಗೆ ಗೌರವ. ಡೆಹ್ರಾಡೂನಿನ ಸೇನಾ ಅಕಾಡೆಮಿಯನ್ನು 1932ರಲ್ಲಿ ಉದ್ಘಾಟಿಸಿದ ಫೀಲ್ಡ್ ಮಾರ್ಷಲ್ ಚೆಟ್‌ವುಡ್, ಮೊದಲು ದೇಶದ ಹಿತ, ಆಮೇಲೆ ಕೈಕೆಳಗಿನವರ ಕ್ಷೇಮ, ಕೊನೆಗೆ ತನ್ನ ಸುಖ ಎಂಬ ಕ್ರಮವನ್ನು ಹೊಸ ಅಧಿಕಾರಿಗಳಿಗೆ ಹೇಳಿದ್ದರು. ಅದನ್ನು ಇಂದಿಗೂ ಅಲ್ಲಿ ಕಲಿಸುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ನಾವು ಕೋವಿ, ಒಡಿಕತ್ತಿಯೊಂದಿಗೆ ಬೇಸಾಯದ ಸಲಕರಣೆಗಳಿಗೂ ಪೂಜೆ ಮಾಡುತ್ತೇವಲ್ಲ. ಆ ವಾರದಲ್ಲಿ ನಿಮ್ಮ ಮಾಲೀಕರು ಒಂದು ದಿನ ಬೆಂಗಳೂರಿನಿಂದ ಬಂದು, ಕೆಲಸಗಾರರ ಕತ್ತಿ, ಏಣಿಗಳಿರುವಲ್ಲಿ ಅವರೊಂದಿಗೆ ಕುಳಿತು ಊಟ ಮಾಡಲಿ. ಛಾಯಾಗ್ರಾಹಕನನ್ನು ಕರೆತರುವುದು ಬೇಡ.

ಸಿದ್ದಾಪುರದ ಮ್ಯಾನೇಜರ್

ಎಲ್ಲರಿಗೂ ಕೃತಜ್ಞತೆಗಳು. ಈ ಚರ್ಚೆಯನ್ನು ಮಾಲೀಕರಿಗೆ ಕಳುಹಿಸಿದೆ. ಭಾವಚಿತ್ರದ ಯೋಚನೆಯನ್ನು ಬಿಟ್ಟಿದ್ದಾರೆ, ತಕ್ಕಡಿಗೆ ಒಪ್ಪಿದ್ದಾರೆ. ಕಾಂಡಕೊರಕ ಹುಡುಕುವ ದಿನಗಳಿಗೆ ಹೆಚ್ಚುವರಿ ಕೂಲಿಯ ಬಗ್ಗೆ ಇನ್ನೂ ಯೋಚಿಸುತ್ತಿದ್ದಾರೆ. ಉಳಿದಿರುವ ಪ್ರಶ್ನೆ ಒಂದೇ. ಕೊಯ್ಲಿಗೆ ಬರುವ ಹೊರಗಿನವರ ಹಣವೂ ಮಾತೂ ಮೇಸ್ತ್ರಿಯ ಮೂಲಕವೇ ಹೋಗುತ್ತವೆ. ಅವರಿಗೆ ನಮ್ಮ ಮೆಚ್ಚುಗೆ ತಲುಪುವುದು ಹೇಗೆ?

ಅಮ್ಮತ್ತಿಯ ಬೆಳೆಗಾರ

ಕೂಲಿಯನ್ನು ಪ್ರತಿಯೊಬ್ಬರ ಕೈಗೆ ಅಥವಾ ಬ್ಯಾಂಕ್ ಖಾತೆಗೆ ನೇರವಾಗಿ ಕೊಡಿ, ಮೇಸ್ತ್ರಿಯ ಕಮಿಷನ್ನನ್ನು ಪ್ರತ್ಯೇಕವಾಗಿ ನೀವೇ ಕೊಡಿ. ದಿನದ ತೂಕವನ್ನು ಚೀಟಿಯಲ್ಲಿ ಅಂಕಿಗಳಲ್ಲಿ ಬರೆದು ಕೊಟ್ಟರೆ ಭಾಷೆ ಬಾರದವರಿಗೂ ಲೆಕ್ಕ ತಿಳಿಯುತ್ತದೆ. ಮಾರ್ಚಿನಲ್ಲಿ ಕೊಯ್ಲು ಮುಗಿದಾಗ ಮರಳಿ ಬರಲೆಂಬ ಆಸೆಯಿಂದ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳುವ ರೂಢಿಯೊಂದಿದೆ, ಅದನ್ನು ಮಾಡಬೇಡಿ. ರೈಲು ಹತ್ತುವ ಮುನ್ನಾದಿನವೇ ಪೂರ್ತಿ ಲೆಕ್ಕ ಚುಕ್ತಾ ಮಾಡಿ, ಅವರ ಫೋನ್ ಸಂಖ್ಯೆ ಬರೆದುಕೊಂಡು, ಮುಂದಿನ ನವೆಂಬರಿನಲ್ಲಿ ನೀವೇ ಕರೆ ಮಾಡಿ. ಇದನ್ನೆಲ್ಲ ಕೊಯ್ಲು ಆರಂಭವಾಗುವ ಮೊದಲೇ ಮೇಸ್ತ್ರಿಯನ್ನು ಕೂರಿಸಿಕೊಂಡು ಮಾತನಾಡಿ ತೀರ್ಮಾನಿಸಿ. ಅವನಿಗೆ ತಿಳಿಸದೆ ನಡುವೆ ಬದಲಾಯಿಸಿದರೆ ಗುಂಪನ್ನೇ ಎಬ್ಬಿಸಿಕೊಂಡು ಪಕ್ಕದ ತೋಟಕ್ಕೆ ಹೋಗುತ್ತಾನೆ.